ಎಡಗಡೆಯ ಸೀಟು

12 ಜನವರಿ 2025, ಭಾನುವಾರ
ಶಿಗ್ಗಾವಿ

ನಾಳೆಯಿಂದ ಹೆವಿ ಗಾಡಿ ಕಲಿಯುವ ಹೊಸ ತಂಡ ಶುರು. ಹೆಸರು ಬರೆಸಿದವರಲ್ಲಿ ನಾಲ್ವರು ಸುತ್ತಲಿನ ನಾಲ್ಕು ತಾಲ್ಲೂಕಿನವರು. ಹಾನಗಲ್ಲಿನವನು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ್ದಾನೆ. ಮನೆಯಲ್ಲಿ ಭತ್ತದ ಗದ್ದೆ ಇದೆ, ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬರಿಗೂ ಸಾಲದು. ಸವಣೂರಿನವನ ಮನೆಯವರು ಸಂತೆಯಿಂದ ಸಂತೆಗೆ ಹಣ್ಣು, ಕಾಯಿಪಲ್ಲೆ ಒಯ್ದು ಮಾರುವವರು. ಶಿಗ್ಗಾವಿಯವನ ಅಪ್ಪ ಹಮಾಲ. ಹಿರೇಕೆರೂರಿನಿಂದ ಬಂದವಳು ಹುಡುಗಿ. ಗೋವಿನಜೋಳ ತುಂಬಿದ ಟ್ರೇಲರನ್ನು ಅಪ್ಪನ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಎಷ್ಟೋ ಸಲ ಮಾರುಕಟ್ಟೆಗೆ ಹೋದವಳು.

ನಾಲ್ವರಿಗೂ ಇಪ್ಪತ್ತು ತುಂಬಿದೆ, ಕಾರಿನ ಲೈಸನ್ಸ್ ಪಡೆದು ವರ್ಷ ಕಳೆದಿದೆ. ಹೆವಿ ಎಲ್‌ಎಲ್‌ಆರ್ ಪಡೆಯಲು ಕಾನೂನು ಮುಖ್ಯವಾಗಿ ಕೇಳುವುದು ಇಷ್ಟನ್ನೇ. 2019ರವರೆಗೆ ಎಂಟನೆಯ ತರಗತಿ ಪಾಸಾಗಿರಬೇಕಿತ್ತು, ಈಗ ಅದೂ ಬೇಕಿಲ್ಲ.

ಹೆಸರು ಬರೆಸಿ ಹೊರಟ ಶಿಗ್ಗಾವಿಯ ಹುಡುಗ ಬಾಗಿಲಲ್ಲಿ ನಿಂತು ಕೇಳಿದ: ‘ಸರ, ಇನ್ನ್ ಹತ್ತ ವರ್ಷಕ್ಕ ಲಾರಿ ತಾವಾ ಓಡ್ತಾವಂತ್ರಿ. ಈಗ ಸಾಲಾ ಮಾಡಿ ಕಲತು ಆಮ್ಯಾಲೆ ಏನ್ ಮಾಡೂದ್ರಿ?’

ದೇಶದಲ್ಲಿ 22 ಲಕ್ಷ ತರಬೇತಾದ ಡ್ರೈವರುಗಳ ಕೊರತೆ ಇದೆ ಎಂದು ಸಾರಿಗೆ ಮಂತ್ರಿ ನಿತಿನ್ ಗಡ್ಕರಿ ಈಚೆಗಷ್ಟೇ ಹೇಳಿದ್ದಾರೆ. ಡ್ರೈವರ್ ಇಲ್ಲದ ಲಾರಿಯ ವಿಡಿಯೋ ಕೂಡ ಅದೇ ಹುಡುಗನ ಫೋನಿಗೇ ಬರುತ್ತದೆ. ಅವನು ಎರಡನ್ನೂ ನಂಬಬೇಕು, ಬಡ್ಡಿಯನ್ನೂ ಕಟ್ಟಬೇಕು. ಕಲಿಸುವವನು ಈ ಪ್ರಶ್ನೆಯನ್ನು ಹಾರಿಕೆಯ ಮಾತಿನಿಂದ ದಾಟಿಸಬಾರದು. ‘ಗೊತ್ತಾದಂಗ ಹೇಳ್ತೀನಿ, ನಾಳೆ ಆರಕ್ಕ ಬಾ’ ಎಂದೆ. ಉತ್ತರ ತಿಳಿದಷ್ಟನ್ನು ಈ ಪುಟಗಳಲ್ಲಿ ಬರೆಯುತ್ತ ಹೋಗಬೇಕು.

19 ಜನವರಿ, ಭಾನುವಾರ

ವಾರವೆಲ್ಲ ಗಾಡಿಯನ್ನು ಚಾಲೂ ಮಾಡುವ ಮೊದಲಿನ ಕೆಲಸವನ್ನೇ ಮಾಡಿಸಿದೆ. ಮೈದಾನದಲ್ಲಿ ಎಂಟು ಹಾಕುವ ಅವಸರ ಅವರಿಗೆ. ನಾನು ಬಿಡಲಿಲ್ಲ. ಬೆಳಿಗ್ಗೆ ಬಂದವರೇ ಗಾಡಿಯ ಕೆಳಗೆ ಬಗ್ಗಿ ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆಯಬೇಕು. ಮೊದಲು ಪುಸ್ ಎಂದು ಗಾಳಿ, ಅದರ ಜೊತೆ ಎಣ್ಣೆ ಬೆರೆತ ಕಂದು ನೀರು ಚಿಮ್ಮುತ್ತದೆ. ಆ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿರೆಂದೆ. ನೀರು ಒಳಗೇ ಉಳಿದರೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ವಾಲ್ವುಗಳು ತುಕ್ಕು ಹಿಡಿಯುತ್ತವೆ, ಬ್ರೇಕು ಬೇಕಾದಾಗ ಕೈಕೊಡುತ್ತದೆ. ಹಿರೇಕೆರೂರಿನ ಹುಡುಗಿ ಮರುದಿನ ಎಲ್ಲರಿಗಿಂತ ಮೊದಲೇ ಬಂದು ನೀರು ತೆಗೆದು, ಮೀಟರಿನ ಮುಳ್ಳು ಎಂಟು ಬಾರ್‌ಗೆ ಏರುವವರೆಗೆ ಕಾದು ಕುಳಿತಿದ್ದಳು. ಆಮೇಲೆ ರಾಡ್ ಹಿಡಿದು ಹಿಂದಿನ ಜೋಡಿ ಟೈರುಗಳನ್ನು ಒಂದೊಂದಾಗಿ ಬಡಿದಳು. ಒಳಗಿನ ಟೈರಿನಲ್ಲಿ ಗಾಳಿ ಇಳಿದಿದ್ದನ್ನು ಸಪ್ಪಳದಲ್ಲೇ ಹಿಡಿದಳು.

ಇದನ್ನೆಲ್ಲ ನಮಗೆ ಯಾವ ಶಾಲೆಯೂ ಕಲಿಸಲಿಲ್ಲ. ಎಡಗಡೆಯ ಸೀಟಿನಲ್ಲಿ ಕೂತು ಕಲಿತೆವು. ಹಳೆಯ ನಂಬರ್ 4 ಹೈವೇ, ಈಗಿನ 48, ಇನ್ನೂ ಎರಡು ಲೇನಿನ ರಸ್ತೆಯಾಗಿದ್ದ ಕಾಲ. ಹುಬ್ಬಳ್ಳಿಯಿಂದ ಮುಂಬಯಿಗೆ ಹೋಗುವ ಲಾರಿಗೆ ಕ್ಲೀನರ್ ಆಗಿ ಹತ್ತಿದ ಹುಡುಗ ಹಗ್ಗ ಬಿಗಿದು, ತಾಡಪತ್ರಿ ಕಟ್ಟಿ, ಸ್ಟೆಪ್ನಿ ಹೊತ್ತು, ಗ್ರೀಸ್ ಹೊಡೆದು, ‘ಬರ್ಲಿ ಬರ್ಲಿ, ಹೋಲ್ಡ್’ ಎಂದು ಕೂಗಿ ವರ್ಷಗಳನ್ನು ಕಳೆಯುತ್ತಿದ್ದ. ಉಸ್ತಾದ್ ಯಾವ ತಿರುವಿಗೆ ಯಾವ ಗೇರಿಗೆ ಬಂದ, ಎಲ್ಲಿ ಎಕ್ಸಾಸ್ಟ್ ಬ್ರೇಕ್ ಒತ್ತಿದ ಎಂಬುದನ್ನು ನೋಡಿ ನೋಡಿ ಮೈಗೆ ಹತ್ತಿಸಿಕೊಳ್ಳುತ್ತಿದ್ದ. ಖಾಲಿ ಗಾಡಿ, ಖಾಲಿ ರಸ್ತೆ ಸಿಕ್ಕ ದಿನ ಉಸ್ತಾದ್ ಸ್ಟಿಯರಿಂಗ್ ಬಿಟ್ಟುಕೊಡುತ್ತಿದ್ದ. ಬೈಗುಳ, ಪೆಟ್ಟು, ಪುಡಿಗಾಸಿನ ಸಂಬಳ ಎಲ್ಲ ಇತ್ತು. ಆ ಅನ್ಯಾಯ ಮತ್ತೆ ಬರುವುದು ಬೇಡ. ಆದರೆ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟಿದ್ದು ಆ ಸೀಟಿನಲ್ಲೇ.

ಈಗ ಆ ಸೀಟು ಖಾಲಿ. ಪವರ್ ಸ್ಟಿಯರಿಂಗ್ ಬಂತು. ಟ್ಯೂಬ್‌ಲೆಸ್ ಟೈರು ಬಂದು ಪಂಕ್ಚರ್ ಕಡಿಮೆಯಾಯಿತು. 2017ರಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟುಗಳು ಹೋದವು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನಲ್ಲಿ ಚಿಲ್ಲರೆ ಎಣಿಸುವ ಕೆಲಸವೂ ನಿಂತಿತು. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಲೇಬೇಕೆಂಬ ನಿಯಮವನ್ನು 2018ರಲ್ಲಿ ತೆಗೆದರು. ಒಂದೊಂದೂ ಒಳ್ಳೆಯದಕ್ಕೇ ಬಂದದ್ದು. ಎಲ್ಲ ಸೇರಿ ಮಾಲೀಕನಿಗೆ ಕಂಡ ಲೆಕ್ಕ ಮಾತ್ರ ಒಂದು: ಕ್ಲೀನರ್ ಬೇಡ, ಎರಡನೆಯವನೂ ಬೇಡ.

ಅದರ ಬದಲಿಗೆ ಕಾನೂನು ಕೊಟ್ಟಿರುವುದು ಡ್ರೈವಿಂಗ್ ಸ್ಕೂಲು. ಸಾರಿಗೆ ವಾಹನ ಕಲಿಸಲು ಕನಿಷ್ಠ 30 ದಿನ, ಸ್ಟಿಯರಿಂಗ್ ಹಿಡಿದು ಕನಿಷ್ಠ 15 ಗಂಟೆ ಎಂದು ಕೇಂದ್ರದ ನಿಯಮ ಹೇಳುತ್ತದೆ. ವರ್ಷಗಳ ಜಾಗದಲ್ಲಿ ಹದಿನೈದು ಗಂಟೆ.

22 ಜನವರಿ, ಬುಧವಾರ

ಸವಣೂರಿನ ಹುಡುಗ ಇಂದು ಬರಲಿಲ್ಲ. ಏಳರ ಹೊತ್ತಿಗೆ ಕಾರಣ ಗೊತ್ತಾಯಿತು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು, ತರಕಾರಿಯ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ನಸುಕಿನಲ್ಲಿ ಕಂದಕಕ್ಕೆ ಉರುಳಿದೆ. ಹತ್ತು ಮಂದಿ ಸತ್ತಿದ್ದಾರೆ. ಎಲ್ಲರೂ ಸವಣೂರು ಕಡೆಯವರು, ಲೋಡಿನ ಜೊತೆಗೇ ಕೂತು ಹೊರಟ ಬಡ ವ್ಯಾಪಾರಿಗಳು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಡ್ರೈವರ್ ಎಡಕ್ಕೆ ತೆಗೆದುಕೊಂಡಾಗ ಹೀಗಾಯಿತೆಂದು ಪೊಲೀಸರು ಹೇಳಿದ್ದಾರೆ.

ಸಂಜೆ ಫೋನು ಮಾಡಿದೆ. ‘ನಮ್ಮ ಓಣ್ಯಾಗ ಯಾರೂ ಒಲಿ ಹಚ್ಚಿಲ್ರಿ ಸರ’ ಎಂದಷ್ಟೇ ಹೇಳಿದ. ಬೇರೆ ಏನೂ ಬರೆಯಲು ಮನಸ್ಸಿಲ್ಲ.

27 ಜನವರಿ, ಸೋಮವಾರ

ಅವನು ಬಂದ. ಕಲಿಯುವುದು ಬಿಡುತ್ತಾನೇನೋ ಅಂದುಕೊಂಡಿದ್ದೆ. ಬಂದವನೇ, ‘ಸರ, ಘಾಟ್ ಇಳಿಯೂದು ಮದಲ ಕಲಸ್ರಿ’ ಎಂದ.

ಆ ಲಾರಿಯ ಬಗ್ಗೆ ತೀರ್ಪು ಹೇಳಲು ನಾನು ಅಲ್ಲಿರಲಿಲ್ಲ. ಘಾಟಿನ ಪಾಠವನ್ನು ಮಾತ್ರ ಪೂರ್ತಿ ಹೇಳಿದೆ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಬ್ರೇಕನ್ನೇ ಒತ್ತುತ್ತ ಹೋದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಇಂಜಿನ್ನೇ ಗಾಡಿಯನ್ನು ತಡೆಯಬೇಕು. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವನು ಪ್ರಾಣ ಕಳೆಯುತ್ತಾನೆ. ಡಾಂಬರಿನ ಅಂಚಿನಾಚೆಯ ಮಣ್ಣನ್ನು ರಾತ್ರಿಯಲ್ಲಿ, ಮಂಜಿನಲ್ಲಿ ಎಂದೂ ನಂಬಬಾರದು. ದಾರಿ ಬಿಡುವುದಿದ್ದರೆ ಮೊದಲು ವೇಗ ಇಳಿಸು, ಬೇಕಾದರೆ ಪೂರ್ತಿ ನಿಲ್ಲು, ಹಿಂದಿನವನು ಹಾರ್ನ್ ಹೊಡೆದುಕೊಳ್ಳಲಿ. ಲೋಡು ಎತ್ತರವಾದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ಲೋಡಿನ ಮೇಲೆ ಮನುಷ್ಯರನ್ನು ಕೂರಿಸುವುದಿಲ್ಲವೆಂದು ಹೇಳುವ ಗಟ್ಟಿತನ ಡ್ರೈವರನಿಗೆ ಬೇಕು.

‘ಸಂತಿಗೆ ಹೋಗೂಕ ಬ್ಯಾರೆ ಗಾಡಿಗೆ ರೊಕ್ಕ ಇರೂದಿಲ್ರಿ ಅವರ ಕಡೆ’ ಎಂದ ಹುಡುಗ. ಅದೂ ಸತ್ಯ. ಎಷ್ಟೇ ಜಾಣ ಯಂತ್ರವಿದ್ದರೂ ಈ ಬಡತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಂತೆಯ ರಸ್ತೆಯಲ್ಲಿ ಜನ ಸಾಯುವುದು ತಪ್ಪುವುದಿಲ್ಲ.

15 ಏಪ್ರಿಲ್, ಮಂಗಳವಾರ

ನಿನ್ನೆ ಮಧ್ಯರಾತ್ರಿಯಿಂದ ಲಾರಿ ಮುಷ್ಕರ. ಈ ತಿಂಗಳ ಒಂದರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 18.44ರಿಂದ 21.17ಕ್ಕೆ ಏರಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಗಿದೆ. ಬಂಕಾಪುರ ಚೌಕದ ಹತ್ತಿರ ಗಾಡಿಗಳು ಸಾಲಾಗಿ ನಿಂತಿವೆ.

ನಾಲ್ವರಿಗೂ ಹೆವಿ ಲೈಸನ್ಸ್ ಬಂದಿದೆ. ಹಾವೇರಿ ಆರ್‌ಟಿಓ ಟೆಸ್ಟಿನಲ್ಲಿ ಹುಡುಗಿ ರಿವರ್ಸನ್ನು ಒಂದೇ ಸಲಕ್ಕೆ ಮುಗಿಸಿದಳು. ಲೈಸನ್ಸ್ ಇದ್ದರೂ ಗಾಡಿ ಕೊಡುವವರಿಲ್ಲ. ಹೋದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೆಲ್ಲ ಒಂದೇ ಮಾತು: ‘ಎಕ್ಸ್‌ಪೀರಿಯನ್ಸ್ ಎಷ್ಟ ಐತಿ?’ ಮಾಲೀಕನದೂ ತಪ್ಪೆನ್ನಲಾರೆ. ಸಾಲದ ಗಾಡಿ, ಅದರ ಮೇಲೆ ಪರರ ಮಾಲು. ಹದಿನೈದು ಗಂಟೆ ಕಲಿತವನ ಕೈಗೆ ಹೇಗೆ ಕೊಟ್ಟಾನು? ಕೊಡದಿದ್ದರೆ ಹುಡುಗ ಅನುಭವವನ್ನು ಎಲ್ಲಿಂದ ತರಬೇಕು? ಒಂದು ಕಡೆ 22 ಲಕ್ಷದ ಕೊರತೆ, ಇನ್ನೊಂದು ಕಡೆ ಲೈಸನ್ಸ್ ಹಿಡಿದು ಅಲೆಯುವ ಮಕ್ಕಳು. ನಡುವಿನ ಸೇತುವೆಯೇ ಕಳಚಿ ಬಿದ್ದಿದೆ.

4 ಮೇ, ಭಾನುವಾರ

ಶಿಗ್ಗಾವಿಯ ಹುಡುಗ ಫೋನು ಹಿಡಿದು ಓಡಿ ಬಂದ. ಅಮೆರಿಕದ ಟೆಕ್ಸಾಸಿನಲ್ಲಿ ಅರೋರಾ ಎಂಬ ಕಂಪನಿ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಡ್ರೈವರ್ ಇಲ್ಲದ ಸರಕು ಲಾರಿಯನ್ನು ನಿಜವಾಗಿಯೂ ಓಡಿಸಿದೆ. ಪ್ರದರ್ಶನಕ್ಕಲ್ಲ, ಬಾಡಿಗೆಗೇ.

ನಾಲ್ವರನ್ನೂ ಕೂರಿಸಿಕೊಂಡು ಆ ವಿಡಿಯೋವನ್ನು ನೋಡಿದೆ. ಸ್ಟಿಯರಿಂಗ್ ತಾನೇ ತಿರುಗುತ್ತದೆ, ಸೀಟಿನಲ್ಲಿ ಯಾರೂ ಇಲ್ಲ. ಒಳಗೆ ಕಸಿವಿಸಿಯಾಯಿತು. ಅದನ್ನು ಮರೆಮಾಡದೆ, ಇದು ದೊಡ್ಡ ಕೆಲಸ, ಇದನ್ನು ಹಗುರವಾಗಿ ಕಾಣಬೇಡಿ ಎಂದೆ. ಆಮೇಲೆ ಒಂದೊಂದಾಗಿ ಕೇಳಿದೆ. ರಸ್ತೆ ಹೇಗಿದೆ? ನೇರ, ಅಗಲ, ಎರಡೂ ಬದಿ ಗೆರೆ. ಎದುರು ಬರುವವರು? ಯಾರೂ ಇಲ್ಲ. ದನ? ಇಲ್ಲ. ಡಾಂಬರಿನ ಮೇಲೆ ರಾಶಿ ಒಕ್ಕುವವರು? ಇಲ್ಲ. ಲೋಡು ಕಟ್ಟಿದವರು ಯಾರು, ಇಳಿಸುವವರು ಯಾರು? ಮನುಷ್ಯರೇ.

ಹಾನಗಲ್ಲಿನ ಹುಡುಗ ಹೇಳಿದ ಮಾತು ಹಿಡಿಸಿತು: ‘ಹಂಗಾದ್ರ ಸರ, ಮದಲ ಹೋಗೂದು ಸುಲಭದ ಕೆಲಸ. ತ್ರಾಸಿನ ಕೆಲಸಾ ಉಳೀತಾವು.’ ನನ್ನ ಅಂದಾಜೂ ಅದೇ. ಗಡ್ಕರಿಯವರು 2023ರ ಡಿಸೆಂಬರಿನಲ್ಲಿ, ಡ್ರೈವರುಗಳ ಕೆಲಸ ಹೋಗುತ್ತದೆ, ಚಾಲಕರಿಲ್ಲದ ಕಾರುಗಳನ್ನು ಭಾರತಕ್ಕೆ ಬರಗೊಡುವುದಿಲ್ಲ ಎಂದಿದ್ದರು. ಆ ಮಾತು ಧೈರ್ಯ ಕೊಡುತ್ತದೆ. ಆದರೆ ಇಪ್ಪತ್ತರ ಹುಡುಗನ ಮುಂದೆ ಇನ್ನೂ ನಲವತ್ತು ವರ್ಷದ ದುಡಿಮೆ ಇದೆ. ಅಷ್ಟು ವರ್ಷದ ಭದ್ರತೆಯನ್ನು ಒಬ್ಬ ಮಂತ್ರಿಯ ಮಾತಿನ ಮೇಲೆ ನಿಲ್ಲಿಸಲಾಗದು, ಅದನ್ನು ಅವನ ಕೈಯ ಕಸುಬಿನ ಮೇಲೇ ನಿಲ್ಲಿಸಬೇಕು. ಗಾಡಿಯನ್ನು ಬಲ್ಲವನಿಗೆ, ಲೋಡನ್ನು ಬಲ್ಲವನಿಗೆ, ಘಾಟನ್ನು ಬಲ್ಲವನಿಗೆ ಯಂತ್ರದ ಪಕ್ಕದಲ್ಲೂ ಜಾಗ ಇರುತ್ತದೆ. ಹೈವೇ ಮೇಲೆ ಸ್ಟಿಯರಿಂಗ್ ಹಿಡಿಯುವುದಷ್ಟೇ ಬಲ್ಲವನ ಜಾಗ ಮೊದಲು ಹೋಗುತ್ತದೆ.

8 ಜೂನ್, ಭಾನುವಾರ

ಟೆಕ್ಸಾಸಿನ ಆ ಲಾರಿಗಳಲ್ಲಿ ಮತ್ತೆ ಮುಂದಿನ ಸೀಟಿಗೆ ಮನುಷ್ಯನನ್ನು ಕೂರಿಸಿದ್ದಾರೆ. ಲಾರಿ ತಯಾರಿಸುವ ಪ್ಯಾಕಾರ್ ಕಂಪನಿ ಹಾಗೆ ಕೇಳಿಕೊಂಡಿತಂತೆ. ಅವನು ಸ್ಟಿಯರಿಂಗ್ ಮುಟ್ಟುವುದಿಲ್ಲ, ನೋಡುತ್ತ ಕೂರುತ್ತಾನೆ. ಹುಡುಗರು ಇದನ್ನು ತಮ್ಮ ಗೆಲುವೆಂದುಕೊಂಡು ಕುಣಿದರು. ಗೆಲುವೆಂದು ನಾನು ಹೇಳಲಿಲ್ಲ; ಇಂದು ಕೂತವನು ನಾಳೆ ಮತ್ತೆ ಇಳಿಯಬಹುದು. ನನಗೆ ಕಂಡದ್ದು ಬೇರೆ. ಆ ದೇಶದಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಒಬ್ಬ ಮನುಷ್ಯ ಇರಲಿ ಎಂದು ಸಂಬಳ ಕೊಟ್ಟು ಕೂರಿಸುತ್ತಾರೆ. ನಮ್ಮಲ್ಲಿ ಮೂವತ್ತು ತಾಸು ನಿದ್ದೆಗೆಟ್ಟ ಮನುಷ್ಯನ ಪಕ್ಕದಲ್ಲಿ ಯಾರೂ ಇಲ್ಲ.

28 ಜೂನ್, ಶನಿವಾರ

ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ದುರಂತಕ್ಕೆ ಇಂದಿಗೆ ಒಂದು ವರ್ಷ. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೇಹಟ್ಟಿಯವರ ಟಿಟಿ ವಾಹನ, ನಸುಕಿನಲ್ಲಿ ಹೈವೇ ಬದಿ ನಿಂತಿದ್ದ ಲಾರಿಗೆ ಹಿಂದಿನಿಂದ ಬಡಿದು 13 ಮಂದಿ ಹೋದರು. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನೆನಪಾಗುತ್ತದೆ.

ಈಗಿನ ತಂಡಕ್ಕೆ ಇವತ್ತು ಒಂದೇ ಪಾಠ ಮಾಡಿದೆ: ಗಾಡಿ ನಿಲ್ಲಿಸುವುದು. ಕತ್ತಲಲ್ಲಿ ಡಾಂಬರಿನ ಮೇಲೆ ನಿಲ್ಲಿಸಬಾರದು. ಕೆಟ್ಟು ನಿಂತರೆ ನಾಲ್ಕೂ ಇಂಡಿಕೇಟರ್, ಬಹು ಹಿಂದೆ ಕೆಂಪು ತ್ರಿಕೋನ, ಬೆನ್ನಿಗೆ ರಿಫ್ಲೆಕ್ಟರ್ ಪಟ್ಟಿ. ಪಟ್ಟಿಯ ಮೇಲಿನ ಕೆಸರು ಒರೆಸುವುದೂ ಡ್ರೈವರನ ಕೆಲಸವೇ. ಆದರೆ ಡ್ರೈವರ್ ರಸ್ತೆ ಬದಿ ನಿಲ್ಲಿಸುವುದೇಕೆ? ಕಣ್ಣು ಎಳೆಯುತ್ತಿರುತ್ತದೆ, ಲಾರಿ ತೂರುವ ಜಾಗ ಸಿಕ್ಕಿರುವುದಿಲ್ಲ. ಹೈವೇ ಆರು ಲೇನಾಗುತ್ತಿದೆ. ಮಲಗಲು, ಸ್ನಾನ ಮಾಡಲು, ಗಾಡಿ ನಿಲ್ಲಿಸಲು ಜಾಗ ಆ ಲೆಕ್ಕದಲ್ಲಿ ಬೆಳೆದಿಲ್ಲ. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸ, 5 ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿದೆ. ಅದು ಅನ್ವಯಿಸುವುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ. ಒಂದು ಎರಡು ಲಾರಿ ಇರುವ ಮಾಲೀಕರೇ ಹೆಚ್ಚಿರುವ ನಮ್ಮ ಕಡೆ ಡ್ರೈವರನ ನಿದ್ದೆಗೆ ಕಾನೂನೂ ಕಾವಲಿಲ್ಲ.

27 ಜುಲೈ, ಭಾನುವಾರ

ಹಳೆಯ ಶಿಷ್ಯನೊಬ್ಬ ಹೊಸ ಗಾಡಿಯೊಂದಿಗೆ ಬಂದಿದ್ದ. ಹಿರೇಕೆರೂರು, ರಾಣೆಬೆನ್ನೂರು ಕಡೆಯಿಂದ ಗೋವಿನಜೋಳ ತುಂಬಿ ನಾಮಕ್ಕಲ್ಲಿನ ಕೋಳಿ ಆಹಾರದ ಗಿರಣಿಗಳಿಗೆ ಒಯ್ಯುತ್ತಾನೆ, ಒಬ್ಬನೇ. ಅವನ ಪಕ್ಕದಲ್ಲಿ ಕೂತು ತಡಸದವರೆಗೆ ಹೋಗಿ ಬಂದೆ. ಕ್ಲಚ್ ಪೆಡಲ್ಲೇ ಇಲ್ಲ. ಗೇರು ತಾನೇ ಬದಲಾಗುತ್ತದೆ. ಮೊಣಕಾಲು ಸವೆಸಿಕೊಂಡ ನಮಗೆ ಅದು ದೊಡ್ಡ ಉಪಕಾರವಾಗಿ ಕಂಡಿತು. ಗಾಜಿನ ಮೇಲೆ ಒಂದು ಕ್ಯಾಮೆರಾ ರಸ್ತೆಯ ಕಡೆ, ಇನ್ನೊಂದು ಅವನ ಮುಖದ ಕಡೆ. ರೆಪ್ಪೆ ಮುಚ್ಚಿದರೆ ಕೂಗುತ್ತದೆ, ಆಫೀಸಿಗೂ ತಿಳಿಸುತ್ತದೆ.

‘ಸರ, ಅದು ಮಲ್ಕೋ ಅಂತ ಕೂಗತೈತಿ. ಅದಾ ಹೊತ್ತಿಗೆ ಆಫೀಸಿಂದ ಫೋನ್ ಬರತೈತಿ, ಮುಂಜಾನಿ ಎಂಟಕ್ಕ ಅನ್‌ಲೋಡ್ ಆಗ್ಬೇಕು ಅಂತ. ಯಾರ ಮಾತ ಕೇಳ್ಲಿ?’ ಎಂದ.

ಈ ಮಾತಿನಲ್ಲಿ ಎಲ್ಲ ಇದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕ್ಯಾಮೆರಾ ನಿದ್ದೆಯನ್ನು ಹಿಡಿಯಲಿ. ಹಿಡಿದ ಮೇಲೆ ಡ್ರೈವರನಿಗೆ ನಿದ್ದೆ ಸಿಗಬೇಕು, ದಂಡ ಸಿಗಬಾರದು. ಕೂಗಿದ ಕ್ಯಾಮೆರಾದ ದಾಖಲೆಯನ್ನು ಸಂಬಳ ಕತ್ತರಿಸಲು ಬಳಸುವ ಕಡೆ, ಅದೇ ದಾಖಲೆ ಇಟ್ಟುಕೊಂಡು ‘ನಾನು ಹನ್ನೆರಡು ತಾಸು ಓಡಿಸಿದ್ದೇನೆ, ಇನ್ನು ಬಿಡುವು ಕೊಡಿ’ ಎಂದು ಕೇಳುವ ಹಕ್ಕು ಡ್ರೈವರನಿಗೂ ಇರಬೇಕು. ಹುಡುಗರಿಗೆ ಈಗ ಗಾಡಿಯ ಸ್ಕ್ರೀನ್ ಓದುವುದು, ದೋಷದ ಸೂಚನೆ ತಿಳಿಯುವುದು, ತಾವು ಓಡಿಸಿದ ತಾಸುಗಳನ್ನು ಬರೆದಿಡುವುದು, ಮೂರನ್ನೂ ಕಲಿಸುತ್ತಿದ್ದೇನೆ.

1 ಅಕ್ಟೋಬರ್, ಬುಧವಾರ

ಖಂಡೇಪೂಜೆ. ಗಾಡಿ ತೊಳೆದು, ಬಾಳೆಕಂಬ ಕಟ್ಟಿ, ಟೈರಿಗೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದೆವು. ಈ ವರ್ಷದಿಂದ ದೇಶದಲ್ಲಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಏಪ್ರಿಲ್ ಬಿಸಿಲಿನಲ್ಲಿ ಇಂಜಿನ್ನಿನ ಕಾವಿಗೆ ಬನಿಯನ್ ಹಿಂಡಿಕೊಂಡು ಓಡಿಸಿದ ತಲೆಮಾರಿಗೆ ಈ ನಿಯಮ ಮೂವತ್ತು ವರ್ಷ ತಡವಾಗಿ ಬಂತು. ಬಂದದ್ದು ಒಳ್ಳೆಯದೇ.

ಹಿರೇಕೆರೂರಿನ ಹುಡುಗಿ ಬಂದಿದ್ದಳು. ಗೊಬ್ಬರದ ಅಂಗಡಿಯವರ ಆರು ಗಾಲಿ ಗಾಡಿ ಓಡಿಸುತ್ತಿದ್ದಾಳೆ, ಹಗಲಷ್ಟೇ, ತಾಲ್ಲೂಕಿನೊಳಗೆ. ಸಾರಿಗೆ ಸಂಸ್ಥೆಯ ಡ್ರೈವರ್ ಹುದ್ದೆಗೆ ಕರೆದಾಗ ಅರ್ಜಿ ಹಾಕುವುದು ಅವಳ ಗುರಿ. ‘ರಾತ್ರಿ ಟ್ರಿಪ್ ನಾ ಒಲ್ಲೆ ಅನ್ನಂಗಿಲ್ರಿ. ಇಳದು ಕೈಕಾಲ್ ಮುಖಾ ತೊಳ್ಯಾಕ ಒಂದ್ ಬಾಗಲಾ ಇರೂ ಜಾಗಾ ಇರ್ಲಿ, ಅಷ್ಟಾ’ ಎಂದಳು. ಹೆಣ್ಣುಮಕ್ಕಳಿಗೆ ಯೋಗ್ಯವಾದ ಜಾಗ ಗಂಡಸರಿಗೂ ಯೋಗ್ಯವೇ. ಒಬ್ಬಳು ಹುಡುಗಿ ಕೇಳಿದ್ದರಿಂದ ಎಲ್ಲ ಡ್ರೈವರುಗಳಿಗೂ ಸಿಗುವಂತಾಗಲಿ.

ಹಾನಗಲ್ಲಿನವನು ಹುಬ್ಬಳ್ಳಿಯಲ್ಲಿ ಲಾರಿ ಸರ್ವಿಸ್ ಸೆಂಟರಿಗೆ ಸೇರಿದ್ದಾನೆ. ಇಂಜಿನ್, ವೈರಿಂಗ್, ಕಂಪ್ಯೂಟರ್ ಮೂರನ್ನೂ ಕಲಿಯುತ್ತಿದ್ದಾನೆ. ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡುವವನೂ ಅವನೇ. ನಾಲ್ವರಲ್ಲಿ ಮುಂದಿನ ಕಾಲಕ್ಕೆ ಹೆಚ್ಚು ತಯಾರಾದವನು ಅವನೆಂದು ನನಗನಿಸುತ್ತದೆ.

16 ನವೆಂಬರ್, ಭಾನುವಾರ

ಸವಣೂರಿನ ಹುಡುಗನಿಗೆ ಕೊನೆಗೂ ಒಳ್ಳೆಯ ದಾರಿ ಸಿಕ್ಕಿದೆ. ಒಬ್ಬ ಮಾಲೀಕರು ಅನುಭವಿ ಡ್ರೈವರನ ಜೊತೆಗೆ ಅವನನ್ನು ಎಡಗಡೆ ಕೂರಿಸಿ ಕಳಿಸುತ್ತಿದ್ದಾರೆ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ. ಮೊದಲ ತಿಂಗಳು ಬರೀ ನೋಡಿದ. ಈಗ ಬಯಲು ರಸ್ತೆಯಲ್ಲಿ ಅವನಿಗೆ ಗಾಡಿ ಕೊಡುತ್ತಾರೆ, ಘಾಟಿನಲ್ಲಿ ಹಿರಿಯವನೇ ಹಿಡಿಯುತ್ತಾನೆ. ಹಿರಿಯವನಿಗೆ ಮಲಗಲು ಬಿಡುವು ಸಿಗುತ್ತಿದೆ, ಕಿರಿಯವನಿಗೆ ಕಲಿಯಲು ಅವಕಾಶ. ಶಿಗ್ಗಾವಿಯವನಿಗೆ ಇನ್ನೂ ಅಂಥ ಸೀಟು ಸಿಕ್ಕಿಲ್ಲ. ದಿನಗೂಲಿಗೆ ಹೋಗುತ್ತಾನೆ, ಲೈಸನ್ಸ್ ಕಿಸೆಯಲ್ಲಿದೆ.

ಅವನು ಜನವರಿಯಲ್ಲಿ ಕೇಳಿದ್ದಕ್ಕೆ ನನ್ನ ಉತ್ತರ ಈಗ ಖಚಿತವಾಗಿದೆ. ಚಾಲಕನಿಲ್ಲದ ಲಾರಿ ಇನ್ನೂ ನಮ್ಮ ರಸ್ತೆಗೆ ಬಂದಿಲ್ಲ. ಅದಕ್ಕೂ ಮೊದಲೇ, ಕಲಿಸುವ ಸೀಟನ್ನು ನಾವೇ ಖಾಲಿ ಮಾಡಿದ್ದೇವೆ. ಅರೆಬರೆ ಕಲಿತ, ನಿದ್ದೆಯಿಲ್ಲದ ಡ್ರೈವರುಗಳನ್ನು ರಸ್ತೆಗೆ ಬಿಡುತ್ತ ಹೋದರೆ, ಇವರಿಗಿಂತ ಯಂತ್ರವೇ ಲೇಸು ಎಂಬ ಮಾತು ತಾನಾಗಿ ಬರುತ್ತದೆ, ಆಗ ಎದುರು ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಚೆನ್ನಾಗಿ ಕಲಿತವರನ್ನು ರಸ್ತೆಗೆ ಬಿಟ್ಟರೆ ಯಂತ್ರ ಬಂದರೂ ಅದರ ಜೊತೆ ದುಡಿಯುವವರು ಇವರೇ ಆಗುತ್ತಾರೆ.

ಲಾರಿ ಮಾಲೀಕರಿಗೆ ಕೊಡಬೇಕೆಂದು ಒಂದು ಮನವಿ ಬರೆದಿದ್ದೇನೆ. ಅದರ ಸಾರವನ್ನು ಇಲ್ಲಿಯೂ ಇಡುತ್ತೇನೆ. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಶುರು ಮಾಡಿದ ವಿಆರ್‌ಎಲ್ ಇಂದು ನಮ್ಮ ಪಕ್ಕದ ವರೂರಿನಲ್ಲಿ ಕೂತು ದೇಶದುದ್ದಕ್ಕೂ ಸರಕು ಸಾಗಿಸುತ್ತದೆ. ಲಾರಿಯ ಉದ್ದಿಮೆಗೆ ಈ ನೆಲ ಹೊಸದಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮಾಲೀಕರೇ, ಹೆವಿ ಲೈಸನ್ಸ್ ಪಡೆದ ಹೊಸಬನಿಗೆ ನಿಮ್ಮ ಒಂದು ಗಾಡಿಯ ಎಡಗಡೆಯ ಸೀಟನ್ನು ಆರು ತಿಂಗಳು ಕೊಡಿ. ಸಂಬಳ ಕೊಟ್ಟು, ಮರ್ಯಾದೆ ಕೊಟ್ಟು ಕೂರಿಸಿ. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 2016ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅಪ್ರೆಂಟಿಸ್ ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರವೇ ಭರಿಸುತ್ತದೆ. ಫ್ಯಾಕ್ಟರಿಯ ಫಿಟ್ಟರನಿಗಿರುವ ಆ ಅನುಕೂಲ ಒಂದೇ ಲಾರಿಯ ಮಾಲೀಕನ ಬಾಗಿಲಿಗೂ ಮುಟ್ಟುವಂತೆ ಜಿಲ್ಲಾಡಳಿತ ಮಾಡಲಿ. ಅಲ್ಲಿಯವರೆಗೆ ಕಾಯಬೇಡಿ. ಕಲಿಯಲು ತಯಾರಿರುವ ಹುಡುಗರು ನಮ್ಮಲ್ಲಿದ್ದಾರೆ, ಖಾಲಿ ಸೀಟು ನಿಮ್ಮಲ್ಲಿದೆ.